ಥೇಮ್ಸ್ ನದಿಯ ದಡದಲ್ಲಿ ಒಂದು ರಾತ್ರಿ

ನದೀತೀರದಲ್ಲಿ ಒಬ್ಬರೇ ಕುಳಿತುಕೊಳ್ಳುವ ಅಭ್ಯಾಸವು ನಮ್ಮ ಮಾಣಿಕನಗರದವರಿಗೆ ಇಲ್ಲವೆಂದೇ ಹೇಳಬೇಕು. ವಿರಜಾ, ಗುರುಗಂಗಾ ಎಂಬ ಎರಡು ಹೊಳೆಗಳು ಅಲ್ಲಿ ಕೂಡುವುವು. ವಿರಜೆಯೆಂದರೆ ಧೂಳಿಲ್ಲದವಳೆಂದರ್ಥ, ಬೇಸಿಗೆಯಲ್ಲಿ ಈ ಅರ್ಥವನ್ನು ಹುಡುಗರಿಗೆ ಹೇಳಲು ನನಗೆ ಸಂಕೋಚವಾಗುತ್ತಿದ್ದಿತು, ಅದಿರಲಿ. ರಾತ್ರಿ ಹತ್ತು ಗಂಟೆಗೆ ಹೋಗಿ ಕುಳಿತರೂ ಯಾರಾದರೊಬ್ಬರು ಬಂದು, “ಏನ್ರೀ ಮಾಸ್ತರ, ಊಟ ಆಯ್ತೇನ್ರಿ?” ಎಂದು ಕೇಳದೆ ಮುಂದೆ ಹೋಗರು.

ಕಳೆದ ವರ್ಷ ಕೆಲವು ತಿಂಗಳು ಮಗನೊಡನೆ ಲಂಡನ್ನಿನಲ್ಲಿದ್ದೆನು. ಒಂದು ಸಂಜೆ ಅವನು ಮೆಲ್ಲನೆ, “ಅಪ್ಪಾ, ಅಮ್ಮನೂ ಇಲ್ಲ, ಊರಿನ ಮನೆಯನ್ನು ಮಾರಿಬಿಡೋಣ. ನೀವು ಬೆಂಗಳೂರಿನಲ್ಲಿ ಅಕ್ಕನ ಹತ್ತಿರ ಇರಿ” ಎಂದನು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ರಾತ್ರಿ ನಿದ್ರೆ ಬಾರದೆ ಥೇಮ್ಸ್ ನದಿಯ ಕಡೆಗೆ ನಡೆದೆನು.

ಲ್ಯಾಂಬೆತ್ ಸೇತುವೆಗೂ ವಾಕ್ಸಾಲ್ ಸೇತುವೆಗೂ ನಡುವೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಕಲ್ಲುಕಟ್ಟೆಯ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ ಇರುವುದು. ಲ್ಯಾಂಬೆತ್ತಿನ ಮೇಯರ್ ಆಗಿದ್ದ, ಕಲಬುರಗಿ ಸೀಮೆಯ ನೀರಜ್ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿಗೆ ಬಂದಿತು. 2015ನೆಯ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಬಸವಕಲ್ಯಾಣವು ನಮಗೆ ನೆರೆಯೂರು. ಊರ ಹಿರಿಯರೊಬ್ಬರು ಪರದೇಶದಲ್ಲಿ ಎದುರಾದಂತೆ ಕೈಮುಗಿದು, ಸಮೀಪದ ಬೆಂಚಿನ ಮೇಲೆ ಕುಳಿತೆನು. ಬಾಗೇವಾಡಿ, ಮಂಗಳವಾಡ, ಕಲ್ಯಾಣ ಎಂದು ಊರಿಂದೂರಿಗೆ ಹೋದ ಆ ಮಹಾನುಭಾವರು ಕಡೆಗೆ ಹಿಂದಿರುಗಿದುದು ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೇ ಅಲ್ಲವೆ?

ದೀಪದ ಬೆಳಕಿನಲ್ಲಿ ಒಂದು ಮರದ ತುಂಡು ಎಡದಿಂದ ಬಲಕ್ಕೆ, ಪಾರ್ಲಿಮೆಂಟಿನ ಕಡೆಗೆ ತೇಲುತ್ತಿದ್ದಿತು. ಬರಬರುತ್ತಾ ನಿಧಾನವಾಗಿ, ಕೊನೆಗೆ ನಿಂತೇಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಬಲದಿಂದ ಎಡಕ್ಕೆ ಹೊರಟಿದೆ! ಕಣ್ಣು ಮಂಜಾಯಿತೆಂದು ಕನ್ನಡಕವನ್ನು ಒರೆಸಿಕೊಂಡೆನು. ಸಮುದ್ರದ ಭರತವು ನಗರದ ಒಳಕ್ಕೂ ನುಗ್ಗಿ, ದಿನಕ್ಕೆ ಎರಡಾವರ್ತಿ ನದಿಯನ್ನೇ ಹಿಂದಕ್ಕೆ ತಿರುಗಿಸುವುದೆಂದು ಮರುದಿನ ಓದಿ ತಿಳಿದೆನು. ಟೆಡ್ಡಿಂಗ್ಟನ್ ಎಂಬಲ್ಲಿಯವರೆಗೂ ಹೀಗೆಯೇ; ಲಂಡನ್ ಸೇತುವೆಯ ಬಳಿ ಏರಿಳಿತವು ಸುಮಾರು 7 ಮೀಟರ್ ವರೆಗೂ ಆಗುವುದಂತೆ. ಹೋದ ನೀರು ಮರಳಿ ಬಾರದೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು.

ಸ್ನಾನಕಾಲದಲ್ಲಿ ಚೊಂಬಿನ ನೀರಿಗೆ ಏಳು ನದಿಗಳನ್ನು ಕರೆಯುವ ಶ್ಲೋಕವನ್ನು ವಾಚಕರು ಬಲ್ಲರು. ಅದರಲ್ಲಿ ಕೃಷ್ಣೆಗೇ ಸ್ಥಳವಿಲ್ಲ, ಇನ್ನು ವಿರಜೆಗೆಲ್ಲಿ? ಆದರೂ ನಮ್ಮ ಮನೆಯಾಕೆ ಕಡೆಯಲ್ಲಿ ತಪ್ಪದೆ ಅವಳ ಹೆಸರನ್ನು ಸೇರಿಸುತ್ತಿದ್ದಳು. ಛಂದಸ್ಸು ಕೆಡುವುದೆಂದು ನಾನು ಗದರಿಸುತ್ತಿದ್ದೆನು. ಆ ದಡದಲ್ಲಿ ಕುಳಿತಾಗ ಆ ಛಂದೋಭಂಗವನ್ನು ಕೇಳಬೇಕೆಂದು ಎಷ್ಟು ಆಸೆಯಾಯಿತೆಂಬುದನ್ನು ಹೇಳಲಾರೆ. ದಾರಿಹೋಕರು ಹೋಗುತ್ತಿದ್ದರು, ಯಾರೂ ನನ್ನ ಕಡೆಗೆ ತಿರುಗಲಿಲ್ಲ. ಅದು ಅವರ ಸೌಜನ್ಯವೆಂದು ಬಲ್ಲೆನು.

ಮನೆಗೆ ಬಂದಾಗ ಮಗನು ಬಾಗಿಲಲ್ಲಿಯೇ ನಿಂತಿದ್ದನು.

“ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಅಪ್ಪಾ?”

“ಹೊಳೆಯ ಹತ್ತಿರ. ದತ್ತಜಯಂತಿಗೆ ಪ್ರಭುಗಳ ಜಾತ್ರೆ. ಅದಕ್ಕೆ ಮೊದಲು ಊರು ಸೇರುವಂತೆ ಟಿಕೆಟು ತೆಗೆಸು.”

ಅವನು ಒಳಕ್ಕೆ ಹೋಗಿ ಹಾಲು ಕಾಯಿಸಿ ತಂದುಕೊಟ್ಟನು. ಮನೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.