ಕೋಡ್‌ಗೆ ಜಾತಿ ಇಲ್ಲವಂತೆ!



"ಓಪನ್ ಸೋರ್ಸ್‌ನಲ್ಲಿ ಯಾರು ಬೇಕಾದರೂ ಕೋಡ್ ಬರೀಬಹುದು, ಜಾತಿ ಕೇಳೋರಿಲ್ಲ. ನಿಮ್ಮವರು ಯಾಕೆ ಬರಲ್ಲ?" ಐಟಿಯಲ್ಲಿರುವ ಮೇಲ್ಜಾತಿ ಗೆಳೆಯರು ನನಗೆ ಇದನ್ನ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಉತ್ತರ ಇಲ್ಲಿದೆ.

ಬ್ರೌಸರ್ ಎಂಜಿನ್ನನ್ನೇ ತಗೊಳ್ಳಿ. ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಪರೀಕ್ಷೆ ಫಲಿತಾಂಶ, ಯಾವ ವೆಬ್ ಪುಟವಾದರೂ ಪರದೆ ಮೇಲೆ ಮೂಡಿಸೋದು ಅದೇ. 1998ರ ಸುಮಾರಿಗೆ ಕೆಡಿಇ ಸಮುದಾಯದವರು ಕೆಎಚ್‌ಟಿಎಂಎಲ್ ಅನ್ನೋ ಎಂಜಿನ್ ಬರೆಯೋಕೆ ಶುರುಮಾಡಿದರು. ಆ್ಯಪಲ್ ಅದರಿಂದ ವೆಬ್‌ಕಿಟ್ ಮಾಡಿ 2003ರಲ್ಲಿ ಸಫಾರಿ ತಂದಿತು. ಗೂಗಲ್ ಅದೇ ವೆಬ್‌ಕಿಟ್ ಮೇಲೆ 2008ರಲ್ಲಿ ಕ್ರೋಮ್ ಕಟ್ಟಿ, 2013ರಲ್ಲಿ ಬ್ಲಿಂಕ್ ಅಂತ ಬೇರೆ ಕವಲು ಮಾಡಿಕೊಂಡಿತು. 2020ರಲ್ಲಿ ಮೈಕ್ರೋಸಾಫ್ಟ್ ಎಡ್ಜ್ ಕೂಡ ಅಲ್ಲಿಗೇ ಬಂತು. ಹತ್ತಾರು ಕೈ ಸೇರಿ ತೋಡಿದ ಕೆರೆ ಇದು. ತೂಬಿನ ಕೀಲಿ ಮಾತ್ರ ಈಗ ಬಹುಪಾಲು ದೊಡ್ಡ ಕಂಪನಿಗಳ ಸಂಬಳದವರ ಕೈಲಿದೆ.

ಕೆರೆಗೆ ಬೇಲಿ ಇಲ್ಲ, ಒಪ್ತೀನಿ. ಇಳಿಯೋಕೆ ಏನು ಬೇಕು ನೋಡಿ. ಕ್ರೋಮಿಯಂ ಬಿಲ್ಡ್ ಮಾಡೋಕೆ ಕನಿಷ್ಠ 8 ಜಿಬಿ ರ್‍ಯಾಮ್, 16ಕ್ಕಿಂತ ಹೆಚ್ಚಿದ್ದರೆ ಒಳ್ಳೇದು, 100 ಜಿಬಿ ಖಾಲಿ ಜಾಗ ಅಂತ ಅವರದೇ ಸೂಚನೆ ಹೇಳುತ್ತೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಒಂದು ಬಿಲ್ಡ್‌ಗೆ ಗಂಟೆಗಟ್ಟಲೆ ಬೇಕು. ಹಾಸ್ಟೆಲ್‌ನಲ್ಲಿ ಮೊಬೈಲ್ ಡೇಟಾ ನಂಬಿಕೊಂಡ ಹುಡುಗಿ ಎಲ್ಲಿಂದ ತರಬೇಕು ಇದನ್ನ? ಬರೆದ ಮೇಲೆ ರಿವ್ಯೂ. ವೆಬ್‌ಕಿಟ್‌ನಲ್ಲಿ ರಿವ್ಯೂವರ್ ಆಗಬೇಕಾದರೆ ಈಗಾಗಲೇ ರಿವ್ಯೂವರ್ ಆಗಿರುವವರೇ ಹೆಸರು ಸೂಚಿಸಬೇಕು. ಅಲ್ಲಿವರೆಗೆ ಸಂಬಳವಿಲ್ಲದೆ ತಿದ್ದಿ ತಿದ್ದಿ ಕಳಿಸ್ತಾ ಇರಬೇಕು. ಹಗಲು ಕಾಲೇಜು, ರಾತ್ರಿ ಡೆಲಿವರಿ ಕೆಲಸ ಮಾಡೋ ಹುಡುಗನಿಗೆ ಅಷ್ಟು ಬಿಡುವು ಯಾರು ಕೊಡ್ತಾರೆ? ಅಪ್ಪನ ಮನೆ, ಅಪ್ಪನ ದುಡ್ಡು, ಅಪ್ಪನ ಇಂಗ್ಲಿಷು ಇದ್ದವನು ಉಳಿಯುತ್ತಾನೆ. ಅದಕ್ಕೆ ಮೆರಿಟ್ ಅಂತ ಹೆಸರು!

1923ರಲ್ಲಿ ಮುಂಬೈ ಶಾಸನಸಭೆಯ ಬೋಲೆ ನಿರ್ಣಯ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂದಿತು. ಮರುವರ್ಷ ಮಹಾಡ್ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಚವದಾರ್ ಕೆರೆ ಮುಕ್ತವಾಗಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಕುಡಿಯಬೇಕಾಯ್ತು. ಕುಡಿದು ಬಂದ ಮೇಲೆ ಏಟೂ ಬಿತ್ತು. ಲೈಸೆನ್ಸ್ ತೋರಿಸಿ "ಎಲ್ಲರಿಗೂ ಮುಕ್ತ" ಅನ್ನೋರು ಈ ಚರಿತ್ರೆ ಒಮ್ಮೆ ಓದಲಿ.

ಈಗ ನಮ್ಮವರಿಗೆ ಎರಡು ಮಾತು. "ಭೂಮಿ, ಮೀಸಲಾತಿ, ದೌರ್ಜನ್ಯದ ಕೇಸು ಬಿಟ್ಟು ಇದೆಂಥದು?" ಅಂತೀರಿ. ಅದ್ಯಾವುದನ್ನೂ ಬಿಡೋದು ಬೇಡ. ಆದರೆ ಇಂಟರ್‌ವ್ಯೂನಲ್ಲಿ "ನಿನ್ನ ಓಪನ್ ಸೋರ್ಸ್ ಕೆಲಸ ತೋರಿಸು" ಅಂದಾಗ ನಮ್ಮ ಮಕ್ಕಳು ತಲೆ ತಗ್ಗಿಸಬಾರದು. ನಮ್ಮ ಒತ್ತಕ್ಷರ, ಅರ್ಕಾವತ್ತು ಪರದೆ ಮೇಲೆ ಹೇಗೆ ಕೂರಬೇಕು ಅನ್ನೋದನ್ನೂ ಬೇರೆಯವರೇ ತೀರ್ಮಾನಿಸಬಾರದು.

ದೊಡ್ಡ ಲ್ಯಾಪ್‌ಟಾಪ್ ಬರೋವರೆಗೆ ಕಾಯೋದೂ ಬೇಡ. ಎಲ್ಲ ಬ್ರೌಸರ್‌ಗಳಿಗೂ ಸೇರಿದ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಅನ್ನೋ ಪರೀಕ್ಷೆಗಳ ಭಂಡಾರ ಇದೆ. ಅದಕ್ಕೆ ಪರೀಕ್ಷೆ ಬರೆಯೋಕೆ ಎಂಜಿನ್ ಬಿಲ್ಡ್ ಮಾಡಬೇಕಿಲ್ಲ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಶುರು ಮಾಡಬಹುದು. ಕನ್ನಡ ತಪ್ಪಾಗಿ ಮೂಡೋ ಕಡೆ ಒಂದು ಪರೀಕ್ಷೆ ಬರೆಯಿರಿ. ಎಂಜಿನ್ ಎಲ್ಲಿ ಎಡವುತ್ತೆ ಅಂತ ಲೋಕಕ್ಕೇ ಕಾಣುತ್ತೆ.

ಬೆಂಗಳೂರಿನ ಕಂಪನಿಗಳಲ್ಲಿರೋ ನಮ್ಮ ಅಣ್ಣಂದಿರೇ, ಅಕ್ಕಂದಿರೇ, ಏಪ್ರಿಲ್ 14ಕ್ಕೆ ಹಾರದ ಫೋಟೋ ಹಾಕ್ತೀರಿ, ಸಂತೋಷ. ವಾರಕ್ಕೆ ಎರಡು ಗಂಟೆ ಒಬ್ಬ ಹುಡುಗಿಯ ಕೋಡ್ ತಿದ್ದಿಕೊಡಿ. ನಾಲ್ಕು ಜನ ಸೇರಿ ಒಂದು ಒಳ್ಳೇ ಮಷೀನ್ ಕೊಟ್ಟು ಹಾಸ್ಟೆಲ್‌ನಲ್ಲಿಡಿ. ಪೇ ಬ್ಯಾಕ್ ಟು ಸೊಸೈಟಿ ಅಂದ್ರೆ ಇದೂ ಹೌದು.

ಕ್ರೋಮಿಯಂನಲ್ಲಿ ಆಥರ್ಸ್ ಅನ್ನೋ ಒಂದು ಫೈಲ್ ಇದೆ. ಹೊರಗಿನಿಂದ ಸ್ವಂತವಾಗಿ ಬಂದವರು ಮೊದಲ ಬದಲಾವಣೆಯ ಜೊತೆಗೇ ಅದರಲ್ಲಿ ತಮ್ಮ ಹೆಸರು ಸೇರಿಸಬೇಕು. ಈ ನಾಡಿನ ಕೆರೆ, ಕೋಟೆಗಳಿಗೆ ಮಣ್ಣು ಹೊತ್ತ ನಮ್ಮ ಹಿರಿಯರ ಹೆಸರನ್ನ ಶಾಸನದಲ್ಲಿ ಯಾರೂ ಕೆತ್ತಲಿಲ್ಲ. ಈ ಫೈಲ್‌ನಲ್ಲಿ ನಮ್ಮ ಹೆಸರನ್ನ ನಾವೇ ಬರೀಬೇಕು.

ಬರೆಯೋಣ. ಜೈಭೀಮ್.