ಹಿಂದಿರುಗುತ್ತೇವೆ

ನಮ್ಮ ವಡಾಲದ ಕಟ್ಟಡದಲ್ಲಿ ಏಳೆಂಟು ಕನ್ನಡದ ಮನೆಗಳಿವೆ. ಆ ಮನೆಗಳ ಮಕ್ಕಳು ನವೆಂಬರ್ 1ಕ್ಕೆ ಒಂದು ಹಾಡು ಹೇಳಬೇಕಿತ್ತು. ಬರೆಯುವ ಕೆಲಸ ನನ್ನ ತಲೆಗೆ ಬಂತು. ದಿನವಿಡೀ ಕೋಡ್ ಬರೆಯುವವನಿಗೆ ನಾಲ್ಕು ಸಾಲು ಯಾವ ಮಹಾ ಅಂದುಕೊಂಡೆ.

ಪಲ್ಲವಿಯ ಕೊನೆಗೆ 'ಹಿಂದಿರುಗುತ್ತೇವೆ' ಎಂದು ಇಟ್ಟೆ. 6 ಅಕ್ಷರ, 9 ಮಾತ್ರೆ. ಇಷ್ಟುದ್ದದ ಪದಕ್ಕೂ ಪ್ರಾಸ ಸಲೀಸಾಗಿ ಸಿಕ್ಕಿತು: ಹಾಡುತ್ತೇವೆ, ಕುಣಿಯುತ್ತೇವೆ, ನೆನೆಯುತ್ತೇವೆ. ಕ್ರಿಯಾಪದಗಳಿಗೆಲ್ಲ ಬಾಲ ಒಂದೇ ತಾನೆ! ಆದರೆ ಹಾಡಿ ನೋಡಿದರೆ ಸಂಘದ ವಾರ್ಷಿಕ ವರದಿ ಓದಿದ ಹಾಗಿತ್ತು. ಬಾಲಕ್ಕಿಂತ ಹಿಂದಿನ ಅಕ್ಷರಗಳೂ ಕೂಡಲಿ ಎಂದು 'ಮರುಗುತ್ತೇವೆ', 'ಕರಗುತ್ತೇವೆ' ತಂದೆ. ಕಿವಿಗೆ ಹಿತವಾಯಿತು. ಆದರೆ ಹಬ್ಬದ ದಿನ ಮಕ್ಕಳು ಮರುಗುವುದೇಕೆ?

ಅಷ್ಟರಲ್ಲಿ ಮಗಳು ಕೇಳಿದಳು: "ಅಪ್ಪಾ, ನಾವು ಎಲ್ಲಿಗೆ ಹಿಂದಿರುಗೋದು? ನಮ್ಮನೆ ಇಲ್ಲೇ ಅಲ್ವಾ?"

ಉತ್ತರ ಹೊಳೆಯಲಿಲ್ಲ. ಮರುದಿನ ಹಾರ್ಬರ್ ಲೈನ್ ಲೋಕಲ್‌ನಲ್ಲಿ ನೇತಾಡುತ್ತಿದ್ದಾಗ 'ಹಾರ್ಬರ್ ಅಂದರೆ ಬಂದರು' ಎಂದುಕೊಂಡೆ. ಬಂದರು, ಹಿಂದಿರುಗು! ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಆದಿಪ್ರಾಸ ಥಟ್ಟನೆ ನೆನಪಾಯಿತು.

ಹಳಗನ್ನಡದ ಕವಿಗಳು ಸಾಲಿನ ಕೊನೆಗಲ್ಲ, ಮೊದಲಿಗೆ ಪ್ರಾಸ ಇಡುತ್ತಿದ್ದರು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿದ್ದು, ಮೊದಲ ಅಕ್ಷರದ ತೂಕ ಹೊಂದಿದರಾಯಿತು. 10ನೇ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಇದಕ್ಕೆ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು 6 ಹೆಸರು ಹೇಳಿದ್ದಾನೆ. ಮೊದಲ ಅಕ್ಷರಕ್ಕೆ ಸೊನ್ನೆ ಇದ್ದರೆ ವೃಷಭಪ್ರಾಸ. ಈ ಕಟ್ಟು ಬೇಡವೆಂದು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟುಕೊಟ್ಟರು. ಅವರಿಗೆ ಅದು ಸಂಕೋಲೆಯಾಗಿತ್ತು, ನನಗೆ ಏಣಿಯಾಯಿತು. ಏಕೆಂದರೆ ಆದಿಪ್ರಾಸಕ್ಕೆ ಪದದ ಉದ್ದದ ಹಂಗಿಲ್ಲ. ಎರಡನೇ ಅಕ್ಷರ ಕೂಡಿದರೆ ಮುಗಿಯಿತು. ಉಳಿದ ಬಾಲ ಎಷ್ಟುದ್ದವಿದ್ದರೂ ರಾಗದಲ್ಲಿ ಹರಿದುಹೋಗುತ್ತದೆ.

ಕರಾವಳಿಯಿಂದ ಹಡಗು ಹತ್ತಿ ಮುಂಬಯಿಗೆ ಬಂದ ಹಿರಿಯರನ್ನು ನೆನೆದು ಇಳಿಯುವುದರೊಳಗೆ ಮೊಬೈಲಿನಲ್ಲಿ ಬರೆದುಕೊಂಡೆ:

ಬಂದರಿಗೆ ಬಂದರು ಅಜ್ಜ ಅಂದು
ಸಂದಣಿಯೊಳಗೊಂದು ಮನೆ ಹುಡುಕಿ
ಹಿಂದಿರುಗುವೆವೆಂದು ಹೇಳುತ್ತ ಹೇಳುತ್ತ
ಇಂದಿಗೂ ಇಲ್ಲೇ ಇದ್ದೇವೆ

ದೊಡ್ಡ ಕವಿತೆಯೇನಲ್ಲ. ಆದರೆ ಆ ಉದ್ದನೆಯ ಪದ ಉಳಿಯಿತು, ಸುಳ್ಳು ಭರವಸೆ ಹೋಯಿತು. ಕನ್ನಡ ಓದಲು ಬಾರದ ಮಕ್ಕಳು ದೇವನಾಗರಿಯಲ್ಲಿ ಬರೆದುಕೊಂಡರು. ಒಂದು ಸಾಲಿನ ಮೊದಲ ಪದ ಬಾಯಿಗೆ ಬಂದರೆ ಮುಂದಿನ ಸಾಲಿನದು ತಾನೇ ಬರುತ್ತಿತ್ತು. ಎರಡನೇ ದಿನಕ್ಕೆ ಚೀಟಿ ಬೇಕಾಗಲಿಲ್ಲ.

ಹಾಡು ಮುಗಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಪಕ್ಕದ ಮನೆಯ ಅಜ್ಜಿ ಮೂರನೇ ಸಾಲನ್ನು ಇನ್ನೊಮ್ಮೆ ಹೇಳಿಸಿದರು.