ಗಣಕಶಕ್ತಿಗೂ ಒಂದು ಮೀಟರು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾಡಿನ ಮನೆಮನೆಗಳಲ್ಲೂ ನಡೆಯುವುದು ಒಂದೇ ಕೆಲಸ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಹೇಳಿದ ಗಳಿಗೆ ಬರುತ್ತಲೇ ಫಲಿತಾಂಶದ ಜಾಲತಾಣ ತೆರೆದು, ನೋಂದಣಿ ಸಂಖ್ಯೆ ಒತ್ತಿ, ಉಸಿರು ಬಿಗಿಹಿಡಿದು ಕಾಯುವುದು. 2024ರಲ್ಲಿ ಈ ಪರೀಕ್ಷೆಗೆ ಕುಳಿತವರು ಎಂಟು ಲಕ್ಷಕ್ಕೂ ಹೆಚ್ಚು. ಇವರಲ್ಲಿ ನಾಲ್ಕು ಲಕ್ಷ ಮಂದಿ ಮೊದಲ ಹತ್ತು ನಿಮಿಷದಲ್ಲೇ ಅಂಕ ನೋಡಲು ಹೊರಟರೆಂದು ಲೆಕ್ಕ ಹಿಡಿದರೆ, ಸೆಕೆಂಡಿಗೆ ಸುಮಾರು 670 ಜನ ಒಂದೇ ಬಾಗಿಲು ತಟ್ಟಿದಂತಾಯಿತು. ಮುಂದಿನ ವಾರ ಅದೇ ಬಾಗಿಲಲ್ಲಿ ಹೆಚ್ಚು ಜನರಿರುವುದಿಲ್ಲ.

ಇಂಥ ಜಾಲತಾಣಕ್ಕೆ ಎಷ್ಟು ಗಣಕಯಂತ್ರಗಳು ಬೇಕು? ಆ ಹತ್ತು ನಿಮಿಷಕ್ಕೆ ಸಾಲುವಷ್ಟು ಕೊಂಡರೆ ಉಳಿದ ವರ್ಷವೆಲ್ಲ ಅವು ಧೂಳು ತಿನ್ನುತ್ತವೆ. ಕಡಿಮೆ ಕೊಂಡರೆ ಬೇಕಾದ ದಿನವೇ ಕೈಕೊಡುತ್ತವೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೇ ಕ್ಲೌಡ್, ಅಂದರೆ ಗಣಕಶಕ್ತಿಯನ್ನು ಬಾಡಿಗೆಗೆ ಪಡೆಯುವ ವ್ಯವಸ್ಥೆ.

ಸಂಪು ಮತ್ತು ನಳ

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ತಿಳಿಸುವುದು ಸುಲಭ. ಮಲಪ್ರಭೆಯ ನೀರು ಹಲವು ದಿನಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಇಲ್ಲಿ ಮನೆ ಕಟ್ಟುವವರು ಮೊದಲು ತೋಡುತ್ತಿದ್ದುದೇ ಸಂಪು. ನೀರಿನ ಭರವಸೆ ಇಲ್ಲದಿದ್ದಾಗ ಪ್ರತಿಯೊಬ್ಬರೂ ತಮ್ಮ ಸಂಗ್ರಹವನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಅವಳಿನಗರ, ಬೆಳಗಾವಿ ಹಾಗೂ ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂದಿತು. ಜೊತೆಗೆ ಮೀಟರೂ ಬಂದಿತು. ಕೂಡಿಡುವ ಚಿಂತೆ ಹೋಯಿತು. ಆದರೆ ನಳ ತೆರೆದಿಟ್ಟು ಮರೆತರೆ ಬಿಲ್ಲು ಏರುವ ಚಿಂತೆ ಸೇರಿಕೊಂಡಿತು.

ಕ್ಲೌಡ್ ಸೇವೆಯೂ ಹೀಗೆಯೇ. ಕಾಲೇಜಿನ ಕೋಣೆಯೊಂದರಲ್ಲಿ ಎಸಿ ಹಾಕಿಸಿ, ಇನ್ವರ್ಟರು ಜೋಡಿಸಿ ಇಟ್ಟ ಸ್ವಂತ ಸರ್ವರ್ ಎಂದರೆ ಸಂಪು. ಕ್ಲೌಡ್ ಎಂದರೆ ನಳ. ಬೇಕೆಂದಾಗ ತಿರುಗಿಸಬಹುದು, ಸಾಕೆಂದಾಗ ನಿಲ್ಲಿಸಬಹುದು, ಬಳಸಿದಷ್ಟಕ್ಕೆ ಹಣ ಕೊಡಬೇಕು. ಹೆಸರಿನಲ್ಲಿ ಮೋಡವಿದ್ದರೂ ಆಕಾಶದಲ್ಲಿ ಏನೂ ಇಲ್ಲ. ಎಂಜಿನಿಯರುಗಳು ತಮ್ಮ ನಕ್ಷೆಗಳಲ್ಲಿ ದೂರದ ಜಾಲವನ್ನು ಮೋಡದ ಆಕಾರದಲ್ಲಿ ಬರೆಯುತ್ತಿದ್ದುದರಿಂದ ಈ ಹೆಸರು ಬಂದಿತು. ಯಂತ್ರಗಳಿರುವುದು ನೆಲದ ಮೇಲೆ, ಭಾರೀ ಕಟ್ಟಡಗಳ ಒಳಗೆ.

ಒಂದೇ ದೊಡ್ಡ ಗಣಕವನ್ನು ಹಲವರು ತಮ್ಮ ತಮ್ಮದೆಂಬಂತೆ ಹಂಚಿಕೊಳ್ಳುವ ಉಪಾಯ 1960ರ ದಶಕದ್ದು. ಅಮೆಜಾನ್ ಸಂಸ್ಥೆ 2006ರಲ್ಲಿ ಮೊದಲು ಸಂಗ್ರಹಣೆಯನ್ನೂ ನಂತರ ಗಣಕಗಳನ್ನೂ ಜಾಲದ ಮೂಲಕ ಬಾಡಿಗೆಗೆ ಕೊಡತೊಡಗಿದ ಮೇಲೆ ಅದು ಸಾಮಾನ್ಯರ ಕೈಗೆಟುಕಿತು. ಭಾರತದ ನೆಲದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಇಂಥ ಕೇಂದ್ರಗಳನ್ನು ತೆರೆದವು. ಸರ್ಕಾರಿ ಇಲಾಖೆಗಳಿಗೆಂದು ಕೇಂದ್ರ ಸರ್ಕಾರದ ‘ಮೇಘರಾಜ್’ ಯೋಜನೆ ಇದೆ.

ಮೊದಲ ಪ್ರಶ್ನೆ: ಬೇಕಾದುದು ಏನು?

ಅವಳಿನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. 1947ರ ಬಿ.ವಿ.ಬಿ. ಕಾಲೇಜಿನಿಂದ ಬೆಳೆದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಿಂದ ಹಿಡಿದು 2016ರಲ್ಲಿ ಆರಂಭವಾದ ಐಐಟಿ ಧಾರವಾಡದವರೆಗೆ ಇಲ್ಲಿ ಓದುವ ಮಕ್ಕಳು ಅಪ್ಲಿಕೇಷನ್ ಬರೆಯುವುದನ್ನು ಬೇಗ ಕಲಿಯುತ್ತಾರೆ. ಬರೆದುದನ್ನು ಎಲ್ಲಿ ಇಡಬೇಕೆಂಬಲ್ಲಿ ಗೊಂದಲ ಶುರುವಾಗುತ್ತದೆ.

ಕೇವಲ ಓದಲು ಇರುವ ಪುಟಗಳು, ಅಂದರೆ ಶಾಲೆಯ ಪರಿಚಯ, ವೇಳಾಪಟ್ಟಿ, ಸೂಚನೆಗಳು ಇಷ್ಟೇ ಆದರೆ ಅದಕ್ಕೆ ಸ್ವಂತ ಸರ್ವರ್ ಬಾಡಿಗೆಗೆ ಪಡೆಯುವುದು ಸೊಳ್ಳೆಗೆ ಕೊಡಲಿ ಎತ್ತಿದಂತೆ. ಅಂಥ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಂಥ ಸೇವೆಗಳು ಉಚಿತವಾಗಿಯೇ ಇಟ್ಟುಕೊಳ್ಳುತ್ತವೆ. ಬಳಕೆದಾರರು ಹೆಸರು ನೋಂದಾಯಿಸಿ ಮಾಹಿತಿ ತುಂಬುವ ಅಪ್ಲಿಕೇಷನ್ ಆದರೆ ಎರಡು ದಾರಿಗಳುಂಟು. ಒಂದು, ಖಾಲಿ ಗಣಕವನ್ನೇ ಬಾಡಿಗೆಗೆ ಪಡೆದು ಎಲ್ಲವನ್ನೂ ತಾವೇ ಅಳವಡಿಸಿಕೊಳ್ಳುವುದು. ಇದು ಅಕ್ಕಿ-ಬೇಳೆ ತಂದು ಮನೆಯಲ್ಲಿ ಅಡಿಗೆ ಮಾಡಿದಂತೆ. ಇನ್ನೊಂದು, ತಂತ್ರಾಂಶವನ್ನಷ್ಟೇ ಒಪ್ಪಿಸಿ ಉಳಿದುದನ್ನು ಸೇವೆ ಕೊಡುವವರಿಗೇ ಬಿಡುವುದು. ಇದು ಖಾನಾವಳಿಯ ಊಟ. ಕಲಿಯಬೇಕೆನ್ನುವವರಿಗೆ ಮೊದಲನೆಯದು ಒಳ್ಳೆಯದು, ಕೆಲಸ ಬೇಗ ಆಗಬೇಕೆನ್ನುವವರಿಗೆ ಎರಡನೆಯದು.

ಎರಡನೆಯ ಪ್ರಶ್ನೆ: ಎಷ್ಟು ದೂರ?

ಇಲ್ಲಿ ಭೌತವಿಜ್ಞಾನದ ಪಾಠ ಉಪಯೋಗಕ್ಕೆ ಬರುತ್ತದೆ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಆದರೆ ಗಾಜಿನ ವಕ್ರೀಭವನಾಂಕ ಸುಮಾರು 1.5 ಇರುವುದರಿಂದ ಆಪ್ಟಿಕಲ್ ಫೈಬರಿನೊಳಗೆ ಅದು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಮುಂಬಯಿಗೆ 600 ಕಿಲೋಮೀಟರ್ ಕೇಬಲ್ ಎಂದಿಟ್ಟುಕೊಂಡರೆ ಹೋಗಿ ಬರಲು 6 ಮಿಲಿಸೆಕೆಂಡು ಸಾಕು. ಅಮೆರಿಕದ ವರ್ಜೀನಿಯಾ 13,000 ಕಿಲೋಮೀಟರ್ ಎಂದರೆ 130 ಮಿಲಿಸೆಕೆಂಡು. ಒಂದು ಪುಟ ಪೂರ್ತಿ ತೆರೆಯಲು ಒಂದರ ನಂತರ ಒಂದರಂತೆ 30 ಸಲ ಹೋಗಿ ಬರಬೇಕಾದರೆ ಮುಂಬಯಿಯಿಂದ 0.18 ಸೆಕೆಂಡು, ವರ್ಜೀನಿಯಾದಿಂದ 3.9 ಸೆಕೆಂಡು. ನಿಜವಾದ ಕೇಬಲ್ ದಾರಿ ಇನ್ನೂ ಸುತ್ತಾದುದು. ಬಳಸುವವರು ಕರ್ನಾಟಕದವರಾದರೆ ಮುಂಬಯಿ, ಪುಣೆ, ಹೈದರಾಬಾದು ಅಥವಾ ಚೆನ್ನೈನ ಕೇಂದ್ರವನ್ನು ಆರಿಸುವುದೇ ಜಾಣತನ.

ಮೂರನೆಯ ಪ್ರಶ್ನೆ: ಎಷ್ಟು ಹೊತ್ತು ನಿಂತರೆ ನಡೆದೀತು?

ಜಾಹೀರಾತುಗಳಲ್ಲಿ 99 ಪ್ರತಿಶತ, 99.9 ಪ್ರತಿಶತ ಎಂದೆಲ್ಲ ಬರೆದಿರುತ್ತದೆ. ಎರಡೂ ಒಂದೇ ಎಂದು ತೋರಬಹುದು. ತಿಂಗಳಿಗೆ 720 ತಾಸು ಹಿಡಿದರೆ 99 ಪ್ರತಿಶತ ಎಂದರೆ 7 ತಾಸು 12 ನಿಮಿಷ ನಿಂತರೂ ಅವರ ಮಾತು ತಪ್ಪಿದಂತಾಗುವುದಿಲ್ಲ. 99.9 ಎಂದರೆ 43 ನಿಮಿಷ. ಪ್ರಾಜೆಕ್ಟಿಗೆ ಏಳು ತಾಸು ದೊಡ್ಡದಲ್ಲ. ಆಸ್ಪತ್ರೆಯ ಅಪ್ಲಿಕೇಷನ್ನಿಗೆ 43 ನಿಮಿಷವೂ ಹೆಚ್ಚೇ.

ಜನದಟ್ಟಣೆಯನ್ನೂ ಮುಂಚೆಯೇ ಊಹಿಸಬೇಕು. 2021ರ ಏಪ್ರಿಲ್ 28ರಂದು 18 ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ಸಂಜೆ 4ಕ್ಕೆ ತೆರೆದಾಗ ಕೋವಿನ್ ಜಾಲತಾಣ ಮೊದಲಿಗೆ ತಡವರಿಸಿತು. ಆದರೂ ಅದೇ ದಿನ 1.33 ಕೋಟಿ ಜನ ಹೆಸರು ಬರೆಸಿದರು. ಕ್ಲೌಡ್ ಇದ್ದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗದು. ಅದು ಇಲ್ಲದಿದ್ದರೆ ಮಾತ್ರ ಒಂದೇ ದಿನದಲ್ಲಿ ಇಷ್ಟು ಜನರನ್ನು ಸಂಭಾಳಿಸುವುದು ಕಷ್ಟವೇ.

ನಾಲ್ಕನೆಯ ಪ್ರಶ್ನೆ: ಬಿಲ್ಲು ಯಾರ ಹೆಸರಿಗೆ?

ಪಾಲಕರು ಈ ಭಾಗವನ್ನು ತಪ್ಪದೆ ಓದಬೇಕು. ‘ಉಚಿತ’ ಎಂದು ಕರೆಯುವ ಅನೇಕ ಸೇವೆಗಳು ಆರಂಭದಲ್ಲೇ ಬ್ಯಾಂಕ್ ಕಾರ್ಡಿನ ವಿವರ ಕೇಳುತ್ತವೆ. ವಿದ್ಯಾರ್ಥಿಯ ಬಳಿ ಕಾರ್ಡು ಇರುವುದಿಲ್ಲ. ಕೊಡುವವರು ತಂದೆ ಇಲ್ಲವೇ ತಾಯಿ. ಉಚಿತ ಅವಧಿ ಅಥವಾ ಮಿತಿ ಮುಗಿದ ಮೇಲೆ ಮೀಟರು ಸದ್ದಿಲ್ಲದೆ ತಿರುಗತೊಡಗಬಹುದು.

ಒಂದು ಲೆಕ್ಕ. ಯಂತ್ರವೊಂದಕ್ಕೆ ತಾಸಿಗೆ 5 ರೂಪಾಯಿ ಎಂದಿಟ್ಟುಕೊಳ್ಳಬಹುದು. 20 ಯಂತ್ರಗಳನ್ನು 8 ತಾಸು ಓಡಿಸಿದರೆ 800 ರೂಪಾಯಿ. 20 ಯಂತ್ರ ಕೊಳ್ಳುವ ಬದಲು ಇಷ್ಟರಲ್ಲೇ ಕೆಲಸ ಮುಗಿಯಿತಲ್ಲ ಎಂದು ಹಿಗ್ಗಬಹುದು. ಆದರೆ ಅವುಗಳನ್ನು ನಿಲ್ಲಿಸಲು ಮರೆತು ತಿಂಗಳಾದರೆ 72,000 ರೂಪಾಯಿ. ಮೇಲೆ 18 ಪ್ರತಿಶತ ಜಿಎಸ್‌ಟಿ ಸೇರಿ 84,960. ಅದೇ ಯಂತ್ರ, ಅದೇ ದರ. ವ್ಯತ್ಯಾಸ ನಳ ಮುಚ್ಚಿದುದು ಮತ್ತು ಮುಚ್ಚದೆ ಬಿಟ್ಟುದು ಮಾತ್ರ.

ಇನ್ನೊಂದು ಅಪಾಯ ಕಳ್ಳತನದ್ದು. ಖಾತೆಯ ಗುಪ್ತ ಕೀಲಿಯನ್ನು ತಂತ್ರಾಂಶದೊಳಗೇ ಬರೆದು, ಆ ತಂತ್ರಾಂಶವನ್ನು ಎಲ್ಲರಿಗೂ ಕಾಣುವಂತೆ ಜಾಲದಲ್ಲಿಟ್ಟರೆ, ಹುಡುಕುತ್ತಲೇ ಇರುವ ಕಳ್ಳರು ಅದನ್ನು ಕೂಡಲೇ ಹೆಕ್ಕಿ ಅನ್ಯರ ಖರ್ಚಿನಲ್ಲಿ ಯಂತ್ರ ಓಡಿಸುತ್ತಾರೆ. ಖರ್ಚು ಮಿತಿ ದಾಟಿದರೆ ಸುದ್ದಿ ಕೊಡುವ ಸೌಲಭ್ಯವನ್ನು ಮೊದಲ ದಿನವೇ ಹಾಕಿಕೊಳ್ಳಬೇಕು. ಆದರೆ ಅದು ಸಾಮಾನ್ಯವಾಗಿ ಸುದ್ದಿ ಕೊಡುತ್ತದೆಯೇ ಹೊರತು ಯಂತ್ರವನ್ನು ತಾನಾಗಿ ನಿಲ್ಲಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕಾರ್ಡು ಕೇಳದ ವಿದ್ಯಾರ್ಥಿ ಯೋಜನೆಗಳೂ ಇವೆ. ಕಾಲೇಜಿನ ಇಮೇಲ್ ವಿಳಾಸದಿಂದ ಅವುಗಳನ್ನು ಪಡೆಯುವುದು ಕ್ಷೇಮ.

ಐದನೆಯ ಪ್ರಶ್ನೆ: ಇನ್ನೊಂದು ಪ್ರತಿ ಎಲ್ಲಿದೆ?

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಸಂಪೂರ್ಣ ಸುಟ್ಟಿತು. ಲಕ್ಷಾಂತರ ಜಾಲತಾಣಗಳು ನಿಂತವು. ಬೇರೆ ಊರಿನಲ್ಲಿ ಪ್ರತಿ ಇಟ್ಟವರು ಮತ್ತೆ ಎದ್ದು ನಿಂತರು. ಇಡದ ಎಷ್ಟೋ ಮಂದಿ ತಮ್ಮ ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಕ್ಲೌಡಿನಲ್ಲಿ ಇಟ್ಟಿದ್ದೇವೆ ಎಂದರೆ ಭದ್ರವಾಗಿದೆ ಎಂದರ್ಥವಲ್ಲ. ಕಟ್ಟಡದ ಕಾವಲು ಸೇವೆ ಕೊಡುವವರದು. ಮನೆಯ ಬೀಗ, ಕಾಗದಪತ್ರಗಳ ನಕಲು ಬಾಡಿಗೆದಾರನದು. ಮುಂದೆ ಬೇರೆ ಕಂಪನಿಗೆ ಹೋಗಬೇಕಾದರೆ ಮಾಹಿತಿ ಹೊರತರಲು ಎಷ್ಟು ಶುಲ್ಕ ಎಂಬುದನ್ನೂ ಸೇರುವಾಗಲೇ ಕೇಳಬೇಕು. ಒಳಗೆ ತುಂಬಲು ಸಾಮಾನ್ಯವಾಗಿ ಹಣವಿಲ್ಲ, ಹೊರತೆಗೆಯಲು ಉಂಟು.

ಬೇರೆಯವರ ಮಾಹಿತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಪ್ತಾಪುರದ ಕೋಚಿಂಗ್ ಕ್ಲಾಸಿಗೆಂದು ವಿದ್ಯಾರ್ಥಿಯೊಬ್ಬ ಹಾಜರಿ ಅಪ್ಲಿಕೇಷನ್ ಮಾಡಿಕೊಟ್ಟನೆಂದರೆ ಅದರಲ್ಲಿರುವುದು ನೂರಾರು ಮಕ್ಕಳ ಹೆಸರು, ಫೋನ್ ಸಂಖ್ಯೆ, ಅಂಕಗಳು. 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅಗತ್ಯವಿಲ್ಲದುದನ್ನು ಕೇಳದಿರುವುದೇ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ.

ಯಾವ ಕಂಪನಿ ಒಳ್ಳೆಯದು ಎಂದು ಕೇಳುವವರು ಬಹಳ. ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡವರಿಗೆ ಕಂಪನಿಯ ಆಯ್ಕೆ ಕಷ್ಟವಾಗದು. ರಜೆಯಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ನೋಟುಪುಸ್ತಕದ ಒಂದು ಪುಟದಲ್ಲಿ ಐದಕ್ಕೂ ಉತ್ತರ ಬರೆದು, ತಿಂಗಳ ಖರ್ಚಿನ ಅಂದಾಜನ್ನು ಕೆಳಗೆ ಕೂಡಿ, ಕಾರ್ಡು ಕೇಳುವ ಮುನ್ನ ಆ ಪುಟವನ್ನು ಮನೆಯ ಹಿರಿಯರಿಗೆ ತೋರಿಸಲಿ. ಹಿರಿಯರಿಗೆ ಗಣಕ ತಿಳಿಯದಿರಬಹುದು. ನೀರಿನ ಬಿಲ್ಲು, ಹೆಸ್ಕಾಂ ಬಿಲ್ಲು ಓದಿ ಬಲ್ಲವರಿಗೆ ಮೀಟರಿನ ಲೆಕ್ಕ ಚೆನ್ನಾಗಿಯೇ ತಿಳಿಯುತ್ತದೆ.